ಒರಟು ದನಿಯ ಮುದ್ರಣ: ‘ರೆಡ್ ಹೆಡೆಡ್ ಸ್ಟ್ರೇಂಜರ್’ ಗೀತಸಂಪುಟ ಮತ್ತು ಕಥನಗೀತೆಯ ಪರಂಪರೆ

ಜಾನಪದ ಅಧ್ಯಯನದಲ್ಲಿ ‘ಪಠ್ಯ’ ಎಂಬ ಮಾತಿಗೆ ಬಹುಕಾಲ ಬರಹದ ರೂಪವೇ ಪ್ರಮಾಣವಾಗಿತ್ತು. ಹಾಡನ್ನು ಕೇಳಿ, ಬರೆದುಕೊಂಡು, ಅಚ್ಚು ಹಾಕಿಸಿದರೆ ಸಂಗ್ರಹಕಾರ್ಯ ಮುಗಿಯಿತೆಂದು ಭಾವಿಸಿದ ಕಾಲವೊಂದಿತ್ತು. ಧ್ವನಿಮುದ್ರಣ ಬಂದ ಮೇಲೆ ಈ ನಂಬಿಕೆ ಅಲುಗಿತು. ಹಾಡುಗಾರನ ಉಸಿರು, ಎಳೆತ, ತಡೆತ, ವಾದ್ಯದ ಗೊರಲು, ಹಾಡಿದ ಜಾಗದ ಗಾಳಿ ಇವೆಲ್ಲವೂ ಪಠ್ಯದ ಅಂಗಗಳೇ ಎಂಬ ಅರಿವು ಮೂಡಿತು. ಆದರೆ ಅದರೊಡನೆಯೇ ಹೊಸದೊಂದು ಪ್ರಶ್ನೆಯೂ ಹುಟ್ಟಿತು. ‘ಒಳ್ಳೆಯ’ ಧ್ವನಿಮುದ್ರಣವೆಂದರೆ ಯಾವುದು? ಅದನ್ನು ನಿರ್ಧರಿಸುವವರು ಯಾರು?

ಈ ಪ್ರಶ್ನೆಯನ್ನು ಅಮೆರಿಕೆಯ ‘ಕಂಟ್ರಿ’ ಸಂಗೀತದ ಒಂದು ಗೀತಸಂಪುಟದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಲ್ಲಿ ನೆಲ್ಸನ್ ಅವರ ‘ರೆಡ್ ಹೆಡೆಡ್ ಸ್ಟ್ರೇಂಜರ್’ 1975ರ ಮೇ ತಿಂಗಳಲ್ಲಿ ಕೊಲಂಬಿಯಾ ಕಂಪನಿಯಿಂದ ಹೊರಬಂದಿತು. ಕಂಪನಿಯ ಅಧಿಕಾರಿಗಳು ಅದನ್ನು ಮೊದಲು ಕೇಳಿದಾಗ ಇದು ಮುಗಿದ ಮುದ್ರಣವೋ ಕೇವಲ ಮಾದರಿಯೋ ಎಂದು ಸಂಶಯಪಟ್ಟರು. ಅದೇ ಸಂಪುಟವನ್ನು ಅಮೆರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ 2009ನೆಯ ಸಾಲಿನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿಕೊಂಡಿತು. ಈ ಎರಡು ತೀರ್ಪುಗಳ ನಡುವಣ ದೂರವನ್ನು ಅರಿಯಬೇಕಾದರೆ ಹಾಡು ಕಟ್ಟುವ ಕ್ರಮ ಮತ್ತು ಧ್ವನಿ ಹಿಡಿಯುವ ಕ್ರಮ ಎರಡನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

1. ಬ್ಯಾಲಡ್‌ನಿಂದ ಫಲಕದವರೆಗೆ

ಇಂಗ್ಲಿಷಿನ ಬ್ಯಾಲಡ್ ಪ್ರಕಾರವನ್ನು ನಮ್ಮ ವಿದ್ವಾಂಸರು ಲಾವಣಿ, ಕಥನಗೀತೆ ಎಂಬ ಹೆಸರುಗಳಿಂದ ಗುರುತಿಸಿದ್ದಾರೆ. ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ 1882ರಿಂದ 1898ರವರೆಗೆ ಪ್ರಕಟಿಸಿದ 305 ಬ್ಯಾಲಡ್‌ಗಳ ಸಂಕಲನ ಈ ಅಧ್ಯಯನದ ಅಡಿಗಲ್ಲು. ಚೈಲ್ಡ್ ಅವರು ಮುಖ್ಯವಾಗಿ ಹಸ್ತಪ್ರತಿಗಳನ್ನೂ ಅಚ್ಚಾದ ಸಂಗ್ರಹಗಳನ್ನೂ ನೆಚ್ಚಿದ್ದರು. ಇಂಗ್ಲೆಂಡಿನ ಸೆಸಿಲ್ ಶಾರ್ಪ್ ಅವರು ಮಾಡ್ ಕಾರ್ಪೆಲಿಸ್ ಅವರೊಡನೆ 1916ರಿಂದ 1918ರ ನಡುವೆ ಅಪಲೇಚಿಯನ್ ಬೆಟ್ಟಸೀಮೆಯಲ್ಲಿ ತಿರುಗಾಡಿ, ಆ ಬ್ಯಾಲಡ್‌ಗಳಲ್ಲಿ ಹಲವು ಅಲ್ಲಿಯ ಜನರ ಬಾಯಲ್ಲಿ ಇನ್ನೂ ಜೀವಂತವಾಗಿರುವುದನ್ನು ಕಂಡುಕೊಂಡರು. ಆದರೆ ಶಾರ್ಪ್ ಅವರ ಕಿವಿ ಬ್ರಿಟಿಷ್ ಮೂಲದ ಹಾಡುಗಳ ಕಡೆಗೇ ವಾಲಿತ್ತು. ಅದೇ ಬೆಟ್ಟಗಳಲ್ಲಿ ಕೇಳಿಬರುತ್ತಿದ್ದ ಆಫ್ರಿಕನ್ ಅಮೆರಿಕನ್ನರ ಹಾಡುಗಾರಿಕೆಗೆ ಅವರ ಸಂಗ್ರಹದಲ್ಲಿ ತಕ್ಕ ಸ್ಥಾನ ಸಿಗಲಿಲ್ಲ. ಆಫ್ರಿಕೆಯ ಮೂಲದಿಂದ ಬಂದ ಬ್ಯಾಂಜೊ ವಾದ್ಯವಿಲ್ಲದೆ ಈ ಸಂಗೀತವನ್ನು ಊಹಿಸಿಕೊಳ್ಳಲಾಗದೆಂಬುದನ್ನು ನೆನೆದರೆ ಈ ಕೊರತೆಯ ಗಾತ್ರ ತಿಳಿಯುತ್ತದೆ.

ವಿದ್ವಾಂಸರ ಬೆನ್ನಿಗೇ ವ್ಯಾಪಾರಿಗಳೂ ಬಂದರು. 1923ರ ಜೂನ್‌ನಲ್ಲಿ ಓಕೆ ಕಂಪನಿಯ ರಾಲ್ಫ್ ಪಿಯರ್ ಅವರು ಅಟ್ಲಾಂಟಾ ನಗರದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಪಿಟೀಲುಗಾರನ ಹಾಡನ್ನು ಮುದ್ರಿಸಿಕೊಂಡರು. ಅವರಿಗೆ ಆ ದನಿ ಅತಿ ಕೆಟ್ಟದ್ದಾಗಿ ಕೇಳಿಸಿತು. ಸ್ಥಳೀಯ ವರ್ತಕರೊಬ್ಬರ ಒತ್ತಾಯಕ್ಕೆ 500 ಫಲಕಗಳನ್ನು ಅಚ್ಚು ಹಾಕಿಕೊಟ್ಟರು. ಅವು ಬೇಗನೆ ಖರ್ಚಾಗಿ ಮತ್ತಷ್ಟು ಫಲಕಗಳಿಗೆ ಬೇಡಿಕೆ ಬಂದಿತು. ಕಂಟ್ರಿ ಸಂಗೀತದ ವಾಣಿಜ್ಯ ಚರಿತ್ರೆ ಗಂಭೀರವಾಗಿ ಆರಂಭವಾದುದೇ ಇಲ್ಲಿಂದ ಎನ್ನಬಹುದು. ಮುದ್ರಿಸಿದವನ ಕಿವಿಗೂ ಕೊಂಡವರ ಕಿವಿಗೂ ನಡುವೆ ಇದ್ದ ಈ ಅಂತರವು ಮುಂದಿನ ಅರ್ಧ ಶತಮಾನವೂ ಬೇರೆ ಬೇರೆ ರೂಪಗಳಲ್ಲಿ ಮರುಕಳಿಸಿದೆ. ಅಂದು ಕಾರ್ಸನ್ ಹಾಡಿದ ಮುಖ್ಯ ಗೀತೆಯೂ ಬೆಟ್ಟಸೀಮೆಯ ಅನಾಮಧೇಯ ಹಾಡಾಗಿರಲಿಲ್ಲ. ವಿಲ್ ಹೇಸ್ ಎಂಬವರು 1871ರಲ್ಲಿ ರಚಿಸಿದ ರಂಗಗೀತೆಯಾಗಿತ್ತು. ಜನಪದವೂ ಬರೆದ ಹಾಡೂ ಆರಂಭದಿಂದಲೇ ಬೆರೆತಿದ್ದವೆಂಬುದಕ್ಕೆ ಇದು ಸಾಕ್ಷಿ.

ಇದೇ ಪಿಯರ್ 1927ರ ಜುಲೈ-ಆಗಸ್ಟ್ ತಿಂಗಳುಗಳಲ್ಲಿ, ಈಗ ವಿಕ್ಟರ್ ಕಂಪನಿಯ ಪರವಾಗಿ, ಟೆನೆಸಿ ಮತ್ತು ವರ್ಜೀನಿಯ ಗಡಿಯ ಬ್ರಿಸ್ಟಲ್ ಪಟ್ಟಣದಲ್ಲಿ ತಾತ್ಕಾಲಿಕ ಮುದ್ರಣಶಾಲೆ ಹೂಡಿದರು. ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಜರ್ಸ್ ಬೆಳಕಿಗೆ ಬಂದುದು ಇಲ್ಲಿಯೇ. 1925ರಿಂದ ಬಳಕೆಗೆ ಬಂದಿದ್ದ ವಿದ್ಯುತ್ ಮೈಕ್ರೊಫೋನು ಮೆಲುದನಿಯನ್ನೂ ಹಿಡಿಯಬಲ್ಲದಾಗಿತ್ತು. ಕೊಂಬಿನೊಳಗೆ ಕೂಗಿ ಹಾಡಬೇಕಾಗಿದ್ದ ಕಾಲ ಮುಗಿದು, ಮನೆಯ ಜಗಲಿಯಲ್ಲಿ ಕುಳಿತು ಹಾಡುವವರ ಸಹಜ ಸ್ಥಾಯಿಯೂ ಫಲಕಕ್ಕೆ ಇಳಿಯಿತು. ಹಾಗೆ ನೋಡಿದರೆ ‘ಸಹಜ’ ಎಂದು ನಾವು ಕರೆಯುವ ದನಿಯೂ ಒಂದು ಯಂತ್ರದ ಕೊಡುಗೆಯೇ.

ಯಂತ್ರವು ಕೊಟ್ಟಂತೆ ಕಸಿದುಕೊಂಡದ್ದೂ ಉಂಟು. ಹತ್ತು ಅಂಗುಲದ ಫಲಕದ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷಗಳಷ್ಟೇ ಹಿಡಿಯುತ್ತಿತ್ತು. ಇಪ್ಪತ್ತು ಮೂವತ್ತು ನುಡಿಗಳ ಕಥನಗೀತೆ ಐದಾರು ನುಡಿಗಳಿಗೆ ಕುಗ್ಗಿತು. ಹಕ್ಕುಸ್ವಾಮ್ಯದ ವ್ಯವಹಾರವು ಇನ್ನೊಂದು ಒತ್ತಡ ತಂದಿತು. ಹಳೆಯ ಹಾಡೇ ಆದರೂ ಹೊಸದೆಂದು ನೋಂದಾಯಿಸಬಹುದಾದಂತಿದ್ದರೆ ಪಿಯರ್ ಅವರಿಗೆ ಲಾಭವಿತ್ತು. ಹೀಗಾಗಿ ಕಾರ್ಟರ್ ಕುಟುಂಬದ ಎ.ಪಿ. ಕಾರ್ಟರ್ ಊರೂರು ತಿರುಗಿ ಹಾಡು ಕೂಡಿಸಿದರು. ಅವರ ಜೊತೆಯಲ್ಲಿ ತಿರುಗಿ, ರಾಗಗಳನ್ನು ನೆನಪಿನಲ್ಲಿ ಹಿಡಿದುಕೊಡುತ್ತಿದ್ದವರು ಲೆಸ್ಲಿ ರಿಡಲ್ ಎಂಬ ಕರಿಯ ಗಿಟಾರ್ ವಾದಕರು. ಹಾಡುಗಳು ಕಾರ್ಟರ್ ಹೆಸರಿನಲ್ಲಿ ನೋಂದಾಯಿತವಾದವು. ರಿಡಲ್ ಹೆಸರು ಫಲಕದ ಮೇಲೆ ಬರಲಿಲ್ಲ. ಹಾಡು ಯಾರದು ಎಂಬ ಪ್ರಶ್ನೆ ಈ ಸಂಗೀತದ ಚರಿತ್ರೆಯಲ್ಲಿ ಎಂದೂ ಕೇವಲ ಸೌಂದರ್ಯದ ಪ್ರಶ್ನೆಯಾಗಿ ಉಳಿದಿಲ್ಲ.

2. ಹೆಸರು ಬದಲು, ನಾದ ಬದಲು

1944ರಲ್ಲಿ ‘ಬಿಲ್‌ಬೋರ್ಡ್’ ಪತ್ರಿಕೆ ಈ ಸಂಗೀತದ ಜನಪ್ರಿಯತೆಯ ಪಟ್ಟಿಯನ್ನು ಆರಂಭಿಸಿದಾಗ ಅದಕ್ಕೆ ‘ಫೋಕ್’ ಎಂಬ ಹೆಸರನ್ನೇ ಬಳಸಿತ್ತು. 1949ರಲ್ಲಿ ಅದು ‘ಕಂಟ್ರಿ ಅಂಡ್ ವೆಸ್ಟರ್ನ್’ ಎಂದಾಯಿತು. ಅದಕ್ಕೂ ಹಿಂದೆ ‘ಹಿಲ್‌ಬಿಲ್ಲಿ’ ಎಂಬ, ಗುಡ್ಡಗಾಡಿನವರನ್ನು ಹಗುರಾಗಿ ಕಾಣುವ ಹೆಸರು ರೂಢಿಯಲ್ಲಿತ್ತು. ಅಮೆರಿಕೆಯ ಜಾನಪದ ವಿದ್ವಾಂಸರು ಈ ಸಂಗೀತವನ್ನು ಬಹುಕಾಲ ಅಪಭ್ರಂಶವೆಂದು ದೂರವಿಟ್ಟಿದ್ದರು. 1965ರಲ್ಲಿ ‘ಜರ್ನಲ್ ಆಫ್ ಅಮೆರಿಕನ್ ಫೋಕ್‌ಲೋರ್’ ಇದಕ್ಕಾಗಿಯೇ ಒಂದು ವಿಶೇಷ ಸಂಚಿಕೆಯನ್ನು ಹೊರತಂದಿತು. ಆರ್ಚಿ ಗ್ರೀನ್ ಅವರ ಪ್ರಸಿದ್ಧ ಲೇಖನ ಪ್ರಕಟವಾದುದು ಆ ಸಂಚಿಕೆಯಲ್ಲಿ. 1968ರಲ್ಲಿ ಬಿಲ್ ಮಲೋನ್ ಅವರ ಚರಿತ್ರೆ ಬಂದಿತು. ಅಲ್ಲಿಂದ ಮುಂದೆ ವಾಣಿಜ್ಯ ಫಲಕವೂ ಜಾನಪದದ ಆಕರವೆಂಬ ಮಾತಿಗೆ ಮನ್ನಣೆ ದೊರೆಯಿತು.

ಆದರೆ ಅಷ್ಟು ಹೊತ್ತಿಗೆ ನಾದವೇ ಬದಲಾಗಿತ್ತು. 1950ರ ದಶಕದ ಉತ್ತರಾರ್ಧದಲ್ಲಿ ಚೆಟ್ ಅಟ್ಕಿನ್ಸ್ ಮತ್ತು ಓವೆನ್ ಬ್ರಾಡ್ಲಿ ಮೊದಲಾದ ನಿರ್ಮಾಪಕರು ರೂಪಿಸಿದ ‘ನ್ಯಾಶ್‌ವಿಲ್ ಸೌಂಡ್’ ಪಿಟೀಲಿನ ಒರಟುತನವನ್ನೂ ಬ್ಯಾಂಜೊವನ್ನೂ ಹಿಂದೆ ಸರಿಸಿತು. ತಂತಿವಾದ್ಯಗಳ ಮೇಳ ಮತ್ತು ಹಿನ್ನೆಲೆಯ ಸಮೂಹಗಾನ ಮುಂದೆ ಬಂದವು. ನುರಿತ ಸ್ಟುಡಿಯೋ ವಾದಕರ ಒಂದು ಸಣ್ಣ ಬಳಗವೇ ಬಹುತೇಕ ಎಲ್ಲರ ಹಾಡುಗಳಿಗೂ ನುಡಿಸುತ್ತಿತ್ತು. ಹಾಡುಗಾರ ತನ್ನ ಊರಿನ ಮೇಳವನ್ನು ಸ್ಟುಡಿಯೋಕ್ಕೆ ಕರೆತರುವುದು ಅಪರೂಪವಾಯಿತು. ಈ ಕ್ರಮದಿಂದ ಪ್ಯಾಟ್ಸಿ ಕ್ಲೈನ್ ಅವರಂಥ ಗಾಯಕಿಯರ ಅಪೂರ್ವ ಮುದ್ರಣಗಳು ಬಂದುವೆಂಬುದನ್ನು ಮರೆಯುವಂತಿಲ್ಲ. ಆದರೆ ಎಲ್ಲ ದನಿಗಳಿಗೂ ಒಂದೇ ಅಂಗಿ ತೊಡಿಸುವ ರೂಢಿಯೂ ಬೆಳೆಯಿತು.

ಆ ಅಂಗಿ ಮೈಗೆ ಹೊಂದದವರಲ್ಲಿ ವಿಲ್ಲಿ ನೆಲ್ಸನ್ ಒಬ್ಬರು. 1933ರಲ್ಲಿ ಟೆಕ್ಸಾಸ್‌ನ ಅಬಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿ ಅಜ್ಜ ಅಜ್ಜಿಯರ ಆಸರೆಯಲ್ಲಿ ಬೆಳೆದ ಅವರು 1960ರಲ್ಲಿ ನ್ಯಾಶ್‌ವಿಲ್‌ಗೆ ಬಂದರು. ಪ್ಯಾಟ್ಸಿ ಕ್ಲೈನ್ ಹಾಡಿದ ‘ಕ್ರೇಜಿ’, ಫ್ಯಾರನ್ ಯಂಗ್ ಹಾಡಿದ ‘ಹಲೋ ವಾಲ್ಸ್’ ಎರಡೂ 1961ರಲ್ಲಿ ಬಂದ ಅವರ ರಚನೆಗಳು. ಗೀತಕಾರರಾಗಿ ಮನ್ನಣೆ ಪಡೆದ ನೆಲ್ಸನ್ ಗಾಯಕರಾಗಿ ಗೆಲ್ಲಲಿಲ್ಲ. ತಾಳದ ಪೆಟ್ಟಿಗಿಂತ ಒಂದಿಷ್ಟು ಹಿಂದೆ ಅಥವಾ ಮುಂದೆ ಸರಿದು, ಮಾತನಾಡುವಂತೆ ಹಾಡುವ ಅವರ ಕ್ರಮ ಸ್ಟುಡಿಯೋದ ಅಚ್ಚುಕಟ್ಟಿಗೆ ಒಗ್ಗಲಿಲ್ಲ. 1972ರಲ್ಲಿ ಅವರು ಟೆಕ್ಸಾಸ್‌ನ ಆಸ್ಟಿನ್ ನಗರಕ್ಕೆ ಮರಳಿದರು. ಅಲ್ಲಿ ರೈತರೂ ಉದ್ದಕೂದಲಿನ ವಿದ್ಯಾರ್ಥಿಗಳೂ ಒಂದೇ ಸಭಾಂಗಣದಲ್ಲಿ ಅವರ ಹಾಡು ಕೇಳಿದರು. ಅಟ್ಲಾಂಟಿಕ್ ಕಂಪನಿಗೆ ಮಾಡಿದ ಎರಡು ಸಂಪುಟಗಳ ನಂತರ, ಆ ಕಂಪನಿ ತನ್ನ ಕಂಟ್ರಿ ವಿಭಾಗವನ್ನು ಮುಚ್ಚಿದಾಗ, ಅವರು ಕೊಲಂಬಿಯಾ ಸೇರಿದರು. ಮುದ್ರಣದ ಬಗೆಗಿನ ಕೊನೆಯ ಮಾತು ತನ್ನದೇ ಎಂಬ ಷರತ್ತನ್ನು ಒಪ್ಪಂದದಲ್ಲಿ ಪಡೆದುಕೊಂಡರು. ಮುಂದಿನ ಕಥೆಯೆಲ್ಲ ಈ ಷರತ್ತಿನ ಮೇಲೆ ನಿಂತಿದೆ.

3. ಹಾಡು ಕಟ್ಟಿದ ಬಗೆ

ಸಂಪುಟದ ಹೆಸರಿನ ಗೀತೆ ನೆಲ್ಸನ್ ರಚನೆಯಲ್ಲ. ಅದನ್ನು 1950ರ ದಶಕದಲ್ಲಿ ಬರೆದವರು ವರ್ಜೀನಿಯದ ರಿಚ್‌ಮಂಡ್ ನಗರದ ಪತ್ರಕರ್ತೆ ಈಡಿತ್ ಲಿಂಡ್‌ಮನ್ ಮತ್ತು ಕಾರ್ಲ್ ಸ್ಟಟ್ಸ್. ಫೋರ್ಟ್‌ವರ್ತ್ ನಗರದ ರೇಡಿಯೋದಲ್ಲಿ ನಿರೂಪಕರಾಗಿದ್ದ ಕಾಲದಲ್ಲಿ ನೆಲ್ಸನ್ ಈ ಹಾಡನ್ನು ಪ್ರಸಾರ ಮಾಡುತ್ತಿದ್ದರು. ತಮ್ಮ ಮಕ್ಕಳನ್ನು ಮಲಗಿಸುವಾಗಲೂ ಹಾಡುತ್ತಿದ್ದರು. ಬರೆದ ಹಾಡೊಂದು ಇಪ್ಪತ್ತು ವರ್ಷ ಮನೆಮಾತಾಗಿ ಉಳಿದು ಮತ್ತೆ ಫಲಕಕ್ಕೆ ಬಂದ ಬಗೆ ಇದು.

ಕೊಲರಾಡೋದಿಂದ ಟೆಕ್ಸಾಸ್‌ಗೆ ಕಾರಿನಲ್ಲಿ ಬರುವಾಗ, ಅಂದಿನ ಪತ್ನಿಯ ಸಲಹೆಯಂತೆ, ನೆಲ್ಸನ್ ಈ ಹಾಡಿನ ಹಿಂದುಮುಂದಿನ ಕಥೆಯನ್ನು ಕಟ್ಟತೊಡಗಿದರು. ಕಾಲ 1901. ಒಬ್ಬ ಧರ್ಮಬೋಧಕ. ಅವನ ಹೆಂಡತಿ ಹಳೆಯ ಪ್ರಿಯನೊಡನೆ ಹೊರಟುಹೋಗುತ್ತಾಳೆ. ಅವನು ಬೆನ್ನುಹತ್ತಿ ಇಬ್ಬರನ್ನೂ ಕೊಲ್ಲುತ್ತಾನೆ. ಕರಿಯ ಕುದುರೆಯೇರಿ, ಸತ್ತವಳ ಕುದುರೆಯನ್ನು ಜೊತೆಗೆ ಹಿಡಿದುಕೊಂಡು ಅಲೆಯುತ್ತಾನೆ. ಆ ಕುದುರೆಗೆ ಕೈಹಾಕಿದ ಇನ್ನೊಬ್ಬ ಹೆಣ್ಣೂ ಅವನ ಗುಂಡಿಗೆ ಬಲಿಯಾಗುತ್ತಾಳೆ. ಕೊನೆಗೆ ದೂರದ ಊರಿನಲ್ಲಿ ಹೊಸ ಪ್ರೀತಿಯೊಂದರಲ್ಲಿ ಅವನಿಗೆ ನೆಲೆ ಸಿಗುತ್ತದೆ.

ಹದಿನೈದು ತುಣುಕುಗಳ, ಸುಮಾರು 33 ನಿಮಿಷಗಳ ಈ ಸಂಪುಟದಲ್ಲಿ ನೆಲ್ಸನ್ ಅವರದೇ ರಚನೆಗಳು ಕೆಲವು ಮಾತ್ರ. ‘ಟೈಮ್ ಆಫ್ ದ ಪ್ರೀಚರ್’ ಎಂಬ ಅವರ ರಚನೆ ಮತ್ತೆ ಮತ್ತೆ ಬಂದು, ನಮ್ಮ ಕಥನಗೀತೆಗಳ ಸೊಲ್ಲಿನಂತೆ ತುಣುಕುಗಳನ್ನು ಪೋಣಿಸುತ್ತದೆ. ಉಳಿದ ಬಹುಪಾಲು ಎರವಲು ಪಡೆದವು. 1954ರಲ್ಲಿ ತೀರಿಕೊಂಡ ಫ್ರೆಡ್ ರೋಸ್ ಬರೆದು, 1940ರ ದಶಕದಲ್ಲಿ ರಾಯ್ ಅಕಫ್ ಹಾಡಿದ್ದ ‘ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್’ ಇಲ್ಲಿದೆ. ಹಳೆಯ ಜನಪ್ರಿಯ ಧಾಟಿಯೊಂದರ ಮೇಲೆ ಹ್ಯಾಂಕ್ ಕಾಕ್ರನ್ ಕಟ್ಟಿದ ಹಾಡಿದೆ. ಚರ್ಚಿನ ಸ್ತೋತ್ರದ ರಾಗವೊಂದು, ಮೆಕ್ಸಿಕೋದ ಹುವೆಂಟಿನೊ ರೋಸಾಸ್ ಅವರ ಹತ್ತೊಂಬತ್ತನೆಯ ಶತಮಾನದ ನೃತ್ಯರಾಗವೊಂದು ಕೇವಲ ವಾದನವಾಗಿ ಬರುತ್ತವೆ.

ಇದನ್ನು ಗೀತರಚನೆ ಎನ್ನಬಹುದೆ ಎಂಬ ಆಕ್ಷೇಪ ಏಳಬಹುದು. ಆಲ್ಬರ್ಟ್ ಲಾರ್ಡ್ 1960ರ ತಮ್ಮ ಗ್ರಂಥದಲ್ಲಿ ಯುಗೊಸ್ಲಾವಿಯದ ಮೌಖಿಕ ಕವಿಗಳ ಬಗೆಗೆ ತೋರಿಸಿಕೊಟ್ಟ ತತ್ತ್ವವನ್ನು ಇಲ್ಲಿ ನೆನೆಯಬೇಕು. ಮೌಖಿಕ ಕವಿ ಪರಂಪರೆಯಿಂದ ಬಂದ ಸಿದ್ಧ ಘಟಕಗಳನ್ನು ಸಂದರ್ಭಕ್ಕೆ ತಕ್ಕಂತೆ ಜೋಡಿಸುತ್ತಾನೆ. ಆ ಜೋಡಣೆಯೇ ಅವನ ರಚನೆ. ಲಾರ್ಡ್ ಅವರ ಘಟಕಗಳು ಪದಗುಚ್ಛಗಳು ಮತ್ತು ಆಶಯಗಳು; ನೆಲ್ಸನ್ ಅವರ ಘಟಕಗಳು ಇಡಿಯ ಹಾಡುಗಳು. ಈ ವ್ಯತ್ಯಾಸವನ್ನು ಒಪ್ಪಿಕೊಂಡೂ ಪ್ರಕ್ರಿಯೆಯ ಹೋಲಿಕೆಯನ್ನು ಅಲ್ಲಗಳೆಯಲಾಗದು. ರೋಸ್ ಅವರ ಗೀತೆ ಸ್ವತಂತ್ರವಾಗಿ ಅಗಲಿಕೆಯ ಹಾಡು. ಕೊಲೆಯ ಪ್ರಸಂಗದ ಪಕ್ಕದಲ್ಲಿಟ್ಟಾಗ ಅದೇ ಮಾತುಗಳು ಕೊಂದವನ ದುಃಖವಾಗಿ ಕೇಳಿಸುತ್ತವೆ. ಒಂದಕ್ಷರವನ್ನೂ ಬದಲಿಸದೆ ಅರ್ಥವನ್ನು ಬದಲಿಸಿದ ರಚನಾಕೌಶಲವಿದು.

ಬ್ಯಾಲಡ್ ಕಥೆಯನ್ನು ಹೇಳುವ ಕ್ರಮವನ್ನು ಫ್ರಾನ್ಸಿಸ್ ಗಮಿಯರ್ 1907ರಲ್ಲಿ ನೆಗೆಯುವುದು ಮತ್ತು ತಂಗುವುದು ಎಂದು ಬಣ್ಣಿಸಿದರು. ಒಂದು ಘಟನೆಯಿಂದ ಇನ್ನೊಂದಕ್ಕೆ ಕಾರಣ ಹೇಳದೆ ನೆಗೆಯುವುದು, ಭಾವದ ಜಾಗದಲ್ಲಿ ಬಹುಹೊತ್ತು ತಂಗುವುದು. ಈ ಸಂಪುಟದಲ್ಲಿ ಕೊಲೆ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ವ್ಯಥೆ ಮಾತ್ರ ಹಾಡಿನಿಂದ ಹಾಡಿಗೆ ಹರಿಯುತ್ತದೆ. ಮೂರು ನಿಮಿಷದ ಫಲಕ ಕಸಿದುಕೊಂಡಿದ್ದ ಈ ತಂಗುವ ಅವಕಾಶವನ್ನು ದೀರ್ಘ ಫಲಕ ಮರಳಿ ಕೊಟ್ಟಿತು. ಆ ಫಲಕವನ್ನು 1948ರಲ್ಲಿ ಮಾರುಕಟ್ಟೆಗೆ ತಂದ ಕಂಪನಿ ಕೊಲಂಬಿಯಾ ಎಂಬುದೂ ಇಲ್ಲಿ ಸ್ಮರಣೀಯ.

4. ಧ್ವನಿ ಹಿಡಿದ ಬಗೆ

1975ರ ಜನವರಿಯಲ್ಲಿ ಟೆಕ್ಸಾಸ್‌ನ ಗಾರ್ಲಂಡ್ ಪಟ್ಟಣದ ಆಟಮ್ ಸೌಂಡ್ ಸ್ಟುಡಿಯೋದಲ್ಲಿ ಮುದ್ರಣ ನಡೆಯಿತು. ಎಂಜಿನಿಯರ್ ಫಿಲ್ ಯಾರ್ಕ್. ಕೆಲವೇ ದಿನಗಳಲ್ಲಿ, ಸುಮಾರು 4,000 ಡಾಲರ್ ವೆಚ್ಚದಲ್ಲಿ ಕೆಲಸ ಮುಗಿಯಿತೆಂದು ಸಾಮಾನ್ಯವಾಗಿ ಉಲ್ಲೇಖಿಸಲಾಗುತ್ತದೆ. ನುಡಿಸಿದವರು ನೆಲ್ಸನ್ ಅವರೊಡನೆ ಊರೂರು ತಿರುಗುತ್ತಿದ್ದ ಸ್ವಂತ ಮೇಳದವರು. ಅಕ್ಕ ಬಾಬಿ ನೆಲ್ಸನ್ ಪಿಯಾನೊ, ಪಾಲ್ ಇಂಗ್ಲಿಷ್ ಡ್ರಮ್, ಬೀ ಸ್ಪಿಯರ್ಸ್ ಬಾಸ್, ಜೋಡಿ ಪೇನ್ ಗಿಟಾರ್ ಮತ್ತು ಮ್ಯಾಂಡೊಲಿನ್, ಮಿಕಿ ರಾಫೆಲ್ ಮೌತ್ ಆರ್ಗನ್. ನೆಲ್ಸನ್ ಕೈಯಲ್ಲಿದ್ದುದು ‘ಟ್ರಿಗರ್’ ಎಂದು ಅವರೇ ಹೆಸರಿಟ್ಟ, ನೈಲಾನ್ ತಂತಿಗಳ ಮಾರ್ಟಿನ್ ಗಿಟಾರ್.

ಈ ಮುದ್ರಣದ ಮುಖ್ಯ ಲಕ್ಷಣ ಬರಿದಾದ ಜಾಗ. ಹಲವೆಡೆ ದನಿಯೊಂದು, ಗಿಟಾರೊಂದು, ಅಷ್ಟೇ. ಡ್ರಮ್ ಬಂದರೂ ಮೆಲ್ಲನೆ ಬಂದು ಹೋಗುತ್ತದೆ. ನೈಲಾನ್ ತಂತಿಯ ಮೊಂಡು ನಾದ ಉಕ್ಕಿನ ತಂತಿಯಂತೆ ಮೆರೆಯುವುದಿಲ್ಲ. ಮೀಟಿದ ಕೂಡಲೇ ಆರುತ್ತದೆ. ಆ ಆರಿದ ಜಾಗದಲ್ಲಿ ಹಾಡುಗಾರನ ಉಸಿರು ಕೇಳುತ್ತದೆ. ನ್ಯಾಶ್‌ವಿಲ್‌ನ ಕ್ರಮದಲ್ಲಿ ತಂತಿವಾದ್ಯಗಳ ಮೇಳ ತುಂಬಬೇಕಾಗಿದ್ದ ತೆರವು ಇದು. ಇಲ್ಲಿ ಮೌನವೂ ಕಥೆ ಹೇಳುತ್ತದೆ. ಒಂಟಿ ಸವಾರನ ಬಯಲನ್ನು ಕೇಳುಗನ ಕಿವಿಯಲ್ಲಿ ಕಟ್ಟಲು ಇದಕ್ಕಿಂತ ಬೇರೆ ಸಾಧನ ಬೇಕಾಗಿರಲಿಲ್ಲ.

ಕೊಲಂಬಿಯಾದ ಅಧಿಕಾರಿಗಳಿಗೆ ಇದು ‘ಡೆಮೊ’ ಎನಿಸಿತು. ಡೆಮೊ ಎಂದರೆ ಗೀತಕಾರ ತನ್ನ ಹಾಡನ್ನು ಇತರರಿಗೆ ಮಾರಲು ಮಾಡಿಕೊಳ್ಳುವ ಕಚ್ಚಾ ಮುದ್ರಣ. ನ್ಯಾಶ್‌ವಿಲ್‌ನ ಪ್ರಕಾಶನ ಸಂಸ್ಥೆಯೊಂದರ ಸಂಬಳದ ಗೀತಕಾರರಾಗಿದ್ದ ದಿನಗಳಲ್ಲಿ ನೆಲ್ಸನ್ ಅಂಥ ಮುದ್ರಣಗಳನ್ನು ಬಹಳ ಮಾಡಿದ್ದರು. ಇತರರ ಹೆಸರಿನಲ್ಲಿ ಮೆರೆಯಬೇಕಾದ ಹಾಡುಗಳಿಗೆ ದನಿ ಕೊಟ್ಟು ಹಿಂದೆ ಸರಿಯುವುದು ಅಂದಿನ ಅವರ ಕೆಲಸ. ಈಗ ಅದೇ ಬಗೆಯ ದನಿಯನ್ನು ಅವರು ಮುಗಿದ ಕೃತಿಯೆಂದು ಮುಂದಿಟ್ಟರು. ಸಂಗಾತಿ ಗಾಯಕ ವೇಲನ್ ಜೆನ್ನಿಂಗ್ಸ್ ಅವರ ಪರವಾಗಿ ವಾದಿಸಿದರು. ಒಪ್ಪಂದದ ಷರತ್ತು ಇದ್ದುದರಿಂದ ಕಂಪನಿ ಮುದ್ರಣವನ್ನು ಇದ್ದಂತೆಯೇ ಬಿಡುಗಡೆ ಮಾಡಿತು.

ಫಲಿತಾಂಶ ಎಲ್ಲರಿಗೂ ತಿಳಿದದ್ದೇ. 1975ರ ಅಕ್ಟೋಬರ್‌ನಲ್ಲಿ ‘ಬ್ಲೂ ಐಸ್’ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಗಾಯಕರಾಗಿ ನೆಲ್ಸನ್ ಅವರಿಗೆ ಮೊದಲ ಸ್ಥಾನ ದೊರೆತುದು ಆಗಲೇ. ಆಗ ಅವರಿಗೆ 42 ವರ್ಷ. ಅದೇ ಹಾಡಿಗೆ ಗ್ರ್ಯಾಮಿ ಪ್ರಶಸ್ತಿಯೂ ಬಂದಿತು. 1976ರಲ್ಲಿ ಸಂಪುಟಕ್ಕೆ ಚಿನ್ನದ ಫಲಕದ ಮಾನ್ಯತೆ ಸಿಕ್ಕಿತು. ಪಿಯರ್ ಅವರ ಕಿವಿಗೆ ಕೆಟ್ಟದ್ದೆನಿಸಿದ ಕಾರ್ಸನ್ ದನಿಯನ್ನು ಜನ ಕೊಂಡುಕೊಂಡ 52 ವರ್ಷಗಳ ನಂತರ ಚರಿತ್ರೆ ಮರುಕಳಿಸಿತು.

5. ಎರಡು ಎಚ್ಚರಗಳು

ಇಷ್ಟಕ್ಕೇ ನಿಂತರೆ ಈ ಕಥೆ ಕಂಪನಿಯ ಕೃತಕತೆಯ ಮೇಲೆ ಜನಪದದ ಸಹಜತೆ ಗೆದ್ದ ಕಥೆಯಾಗಿಬಿಡುತ್ತದೆ. ಅದು ಅರ್ಧಸತ್ಯ. ರಿಚರ್ಡ್ ಪೀಟರ್ಸನ್ 1997ರ ತಮ್ಮ ಗ್ರಂಥದಲ್ಲಿ ಕಂಟ್ರಿ ಸಂಗೀತದ ‘ಅಪ್ಪಟತನ’ವೇ ಕಾಲಕಾಲಕ್ಕೆ ನಿರ್ಮಿತವಾದ ಸರಕು ಎಂದು ವಿವರಿಸಿದ್ದಾರೆ. ಗಾರ್ಲಂಡ್‌ನ ಸ್ಟುಡಿಯೋ ಹಳ್ಳಿಯ ಜಗಲಿಯಾಗಿರಲಿಲ್ಲ, ವೃತ್ತಿಪರ ಮುದ್ರಣಶಾಲೆಯಾಗಿತ್ತು. ಅಲ್ಲಿಯ ಬರಿದು ನುರಿತವರು ಆರಿಸಿಕೊಂಡ ಬರಿದು. ಮರುವರ್ಷವೇ, 1976ರಲ್ಲಿ, ನೆಲ್ಸನ್, ಜೆನ್ನಿಂಗ್ಸ್ ಮೊದಲಾದವರ ಹಾಡುಗಳನ್ನು ಕೂಡಿಸಿ ‘ವಾಂಟೆಡ್! ದ ಔಟ್‌ಲಾಸ್’ ಎಂಬ ಸಂಪುಟವನ್ನು ಬೇರೊಂದು ಕಂಪನಿ ಹೊರತಂದಿತು. ಪ್ಲಾಟಿನಂ ಮಾನ್ಯತೆ ಪಡೆದ ಮೊದಲ ಕಂಟ್ರಿ ಸಂಪುಟ ಅದು. ಬಂಡಾಯವೂ ಸರಕಾಗಲು ಬಹಳ ದಿನ ಹಿಡಿಯಲಿಲ್ಲ.

ಎರಡನೆಯ ಎಚ್ಚರ ಕಥೆಯ ಒಳಗಿನದು. ಈ ಸಂಪುಟದಲ್ಲಿ ಇಬ್ಬರು ಹೆಣ್ಣುಮಕ್ಕಳು ಸಾಯುತ್ತಾರೆ, ಇಬ್ಬರಿಗೂ ಮಾತಿಲ್ಲ. ಕುದುರೆ ಮುಟ್ಟಿದವಳ ಸಾವಿಗೆ ಶಿಕ್ಷೆಯೂ ಇಲ್ಲ. ಕುದುರೆ ಕದಿಯಲು ಹೋದವಳೆಂಬ ಕಾರಣಕ್ಕೆ ಕೊಂದವನು ಬಿಡುಗಡೆ ಹೊಂದುತ್ತಾನೆ. ಕೇಳುಗನ ಅನುಕಂಪವೆಲ್ಲ ಅವನ ಕಡೆಗೇ ಹರಿಯುವಂತೆ ನಾದ ಕಟ್ಟಲಾಗಿದೆ. ಹೆಣ್ಣಿನ ಕೊಲೆಯನ್ನು ಹಾಡುವ ಬ್ಯಾಲಡ್‌ಗಳ ಗುಂಪೇ ಒಂದು ಆ ಪರಂಪರೆಯಲ್ಲಿ ಇದೆ. ನಮ್ಮ ‘ಕೆರೆಗೆ ಹಾರ’ದಲ್ಲಿ ಬಲಿಯಾಗುವ ಭಾಗೀರಥಿ ತವರಿಗೆ ಹೋಗುತ್ತಾಳೆ, ಗೆಳತಿಯ ಬಳಿ ಮನಸ್ಸು ಬಿಚ್ಚುತ್ತಾಳೆ. ಕಥೆ ಅವಳ ನಡಿಗೆಯಲ್ಲೇ ಸಾಗುತ್ತದೆ. ಎರಡು ಪರಂಪರೆಗಳಲ್ಲಿಯೂ ಹೆಣ್ಣು ಸಾಯುತ್ತಾಳೆಂಬುದು ನಿಜ. ಆದರೆ ಹಾಡು ಯಾರ ಹೆಜ್ಜೆಯನ್ನು ಹಿಂಬಾಲಿಸುತ್ತದೆ ಎಂಬುದರ ಮೇಲೆ ಕೇಳುಗನ ನ್ಯಾಯಬುದ್ಧಿ ನಿಂತಿದೆ. ಹೆಸರಿನ ಗೀತೆಯನ್ನು ಬರೆದವರಲ್ಲಿ ಒಬ್ಬಾಕೆ ಹೆಣ್ಣು ಎಂಬ ಸಂಗತಿ ಈ ಪ್ರಶ್ನೆಯನ್ನು ಇನ್ನಷ್ಟು ತೊಡಕಾಗಿಸುತ್ತದೆ. ಮುದ್ರಣದ ಚೆಲುವನ್ನು ಮೆಚ್ಚುವಾಗಲೂ ಈ ಮೌನವನ್ನು ಮರೆಯಬಾರದು.

ಉಪಸಂಹಾರ

ಈ ಚರ್ಚೆಯಿಂದ ನಾವು ಪಡೆಯಬೇಕಾದುದೇನು? ಕ್ಯಾಸೆಟ್ಟಿನ ಕಾಲದಲ್ಲಿ ಕನ್ನಡ ಜನಪದ ಗೀತೆಗಳು ಕೀಬೋರ್ಡು, ರಿದಮ್ ಪ್ಯಾಡುಗಳ ಜೊತೆಯಲ್ಲಿ ಮನೆಮನೆಗೆ ತಲುಪಿದವು. ಆ ತಲುಪುವಿಕೆಯನ್ನು ಹಗುರಾಗಿ ಕಾಣುವಂತಿಲ್ಲ. ಆದರೆ ಒಮ್ಮೆ ನಗರದ ಸ್ಟುಡಿಯೋ ಒಂದರಲ್ಲಿ, ಎಲ್ಲಮ್ಮನ ಪದ ಹಾಡುವ ತಾಯಿಯೊಬ್ಬರ ಚೌಡಿಕೆಯ ಗುಂಯ್‌ಗುಡುವಿಕೆಯನ್ನು ದೋಷವೆಂದು ತೆಗೆದುಹಾಕಿದುದನ್ನು ನಾನು ಕಂಡಿದ್ದೇನೆ. ಮುದ್ರಣ ಶುಭ್ರವಾಯಿತು. ಕೇಳಿಸಿದಾಗ ಆ ತಾಯಿ, ‘ಇದು ನನ್ನ ದನಿ ಹೌದ್ರಿ, ನನ್ನ ಪದ ಅಲ್ಲ’ ಎಂದರು. ಅವರ ಕೈಯಲ್ಲಿ ನೆಲ್ಸನ್ ಕೈಯಲ್ಲಿದ್ದಂಥ ಒಪ್ಪಂದವಿರಲಿಲ್ಲ. ಅಂದು ಅವರ ಪರವಾಗಿ ಮಾತನಾಡಬೇಕಾಗಿದ್ದ ಸಂಗ್ರಾಹಕನಾದ ನಾನೂ ಸುಮ್ಮನಿದ್ದೆ.

ಒಟ್ಟಿನಲ್ಲಿ, ಧ್ವನಿಮುದ್ರಣದ ಗುಣಮಟ್ಟವೆಂಬುದು ಯಂತ್ರದ ಅಳತೆಯಷ್ಟೇ ಆಗಿರದೆ ಅಧಿಕಾರದ ಹಂಚಿಕೆಯೂ ಆಗಿದೆ. ಕಾರ್ಸನ್ ಅವರ ಫಲಕ ಉಳಿದುದು ಕೊಂಡವರಿಂದ. ರಿಡಲ್ ಅವರ ಹೆಸರು ಮರೆಯಾದುದು ನೋಂದಣಿಯಿಂದ. ನೆಲ್ಸನ್ ಅವರ ಬರಿದಾದ ನಾದ ಉಳಿದುದು ಒಂದು ಷರತ್ತಿನಿಂದ. ನಮ್ಮ ಹಾಡುಗಾರರ ದನಿಯನ್ನು ಹಿಡಿಯಲು ಹೊರಟ ಸಂಸ್ಥೆಗಳೂ ವಿದ್ವಾಂಸರೂ ಮುದ್ರಣವನ್ನು ಅಂತಿಮಗೊಳಿಸುವ ಮುನ್ನ ಹಾಡಿದವರಿಗೆ ಅದನ್ನು ಕೇಳಿಸಿ, ಅವರ ಒಪ್ಪಿಗೆಯನ್ನೂ ಹೆಸರನ್ನೂ ದಾಖಲಿಸುವುದು ಕನಿಷ್ಠ ಕರ್ತವ್ಯ. ಯಾವ ಗೊರಲನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂಬುದನ್ನು ಹೇಳಬಲ್ಲವರು ಅವರೇ.